ಸಿಡಿಲಮರಿಯ ಕೊಬ್ಬರಿಹರಣ

ಎಲೈ ದಶದಿಕ್ಕುಗಳೇ, ಕಿವಿಗೊಡಿ! ಎಲೈ ಸ್ವರ್ಗದ ಕಾಮಧೇನುವೇ, ಅರೆಗಳಿಗೆ ಮೆಲುಕು ನಿಲ್ಲಿಸು! ದೀಪಾವಳಿಯ ಪಟಾಕಿಹೊಗೆ ಇನ್ನೂ ಆರದಿದ್ದ ಪುಣ್ಯಕಾಲದಲ್ಲಿ, ಹಾವೇರಿ ಸೀಮೆಯ ಹುಣಸಿಕೊಪ್ಪವನ್ನು ಬೆಳಗುತ್ತಿದ್ದ ವೃಷಭಕುಲಗುರು, ಸಗಣಿಲೇಪಿತಭುಜದ್ವಯಶೋಭಿತ ಗದಿಗೆಪ್ಪನ ಕಥೆಯಿದು.

ಆತನ ಹೋರಿಯ ಹೆಸರು ಸಿಡಿಲಮರಿ. ಕೊರಳಿಗೆ ಕಟ್ಟಿದ ಕೊಬ್ಬರಿಹಾರವನ್ನು ಯಾರ ಕೈಗೂ ಸಿಗಗೊಡದೆ ಜನಸಾಗರವನ್ನು ಸೀಳಿ ಓಡುವುದೇ ಹೋರಿ ಬೆದರಿಸುವ ಹಬ್ಬದಲ್ಲಿ ಹೋರಿಗೆ ಪರಮಧರ್ಮ. ಅದನ್ನು ಕೀಳುವುದೇ ಗಂಡಸರಿಗೆ ಮೋಕ್ಷ. ಆದಕಾರಣ ಗದಿಗೆಪ್ಪ ಮನೆಯ ಮೊಟ್ಟೆ, ಹುರುಳಿ, ಬೆಲ್ಲವನ್ನೆಲ್ಲ ಅದರ ಜಠರಾಗ್ನಿಗೆ ಆಹುತಿಯಿತ್ತ, ಕೆರೆಯಲ್ಲಿ ಈಜಿಸಿದ, ಬೆದರಿ ನೆಗೆಯುವ ವಿದ್ಯೆ ಕಲಿಯಲೆಂದು ದಿನವೂ ಅದರ ಕಿವಿಯ ಬಳಿ ಎಣ್ಣೆಡಬ್ಬಿ ಬಡಿದ, ಹಲಗೆ ಬಾರಿಸಿದ. ಮೊದಮೊದಲು ಮುಗಿಲಿಗೆ ಹಿಂಗಾಲು ಝಾಡಿಸಿದ ಸಿಡಿಲಮರಿ, ಬರಬರುತ್ತ ಹಲಗೆಯ ನಾದಕ್ಕೆ ಕಣ್ಮುಚ್ಚಿ ತೂಕಡಿಸತೊಡಗಿತು. ಅದು ಯೋಗನಿದ್ರೆಯೆಂದು ಗುರು ಹಿಗ್ಗಿದ.

ಹಬ್ಬದ ಮುಂಜಾನೆ ಅಖಾಡದಲ್ಲಿ ಎದುರಾದವನು ಗದಿಗೆಪ್ಪನ ಬಾಲ್ಯದ ಗೆಳೆಯ, ಹರಿದ ಅಂಗಿಯನ್ನೇ ಕವಚವಾಗಿ ತೊಟ್ಟ ಕೊಬ್ಬರಿಹರಣಪ್ರವೀಣ ಉಡಚಪ್ಪ.

“ಲೇ ಗದಿಗ್ಯಾ, ನಿನ್ನ ಹೋರಿ ಕೊಳ್ಳಾಗಿನ ಕೊಬ್ರಿ ಕಿತ್ತಿಲ್ಲಂದ್ರ ಮೀಸಿ ಬೋಳಿಸ್ಕೊಂಡು ಊರ ತುಂಬ ಅಡ್ಡಾಡ್ತೀನಿ!”

“ಮುಟ್ಟಿ ನೋಡಲೇ! ಅದರ ಬಾಲದ ಗಾಳಿ ಬಡದ್ರ ಹಾನಗಲ್ಲಿಗೆ ಹಾರಿ ಬೀಳ್ತಿ. ಕೊಬ್ರಿ ಹೋದ್ರ ನನ್ನ ಮೀಸಿನೂ ಹೋತು, ತಿಳಕೋ!”

ಹಲಗೆಗಳು ಪ್ರಳಯಮೇಘದಂತೆ ಮೊಳಗಿದವು. ಪಟಾಕಿ ಸಿಡಿದವು. ಸಿಡಿಲಮರಿ ಕಣ್ಮುಚ್ಚಿ ತೂಕಡಿಸಿತು. ಜನ ಅಬ್ಬರಿಸಿ ನಕ್ಕರು. “ಓಡೋ ನಮ್ಮಪ್ಪಾ, ಮಾನ ಉಳಸೋ,” ಎಂದು ಗದಿಗೆಪ್ಪ ಅದರ ಕಿವಿಯಲ್ಲಿ ಬೇಡಿಕೊಂಡ.

ಉಡಚಪ್ಪ ಸಾವಕಾಶ ನಡೆದು ಬಂದು ಕೈ ಚಾಚಿದ. ಆಗ ಹೋರಿಯ ಮೈಗೆ ಬಳಿದ ಬಣ್ಣದ ಪುಡಿ ಅವನ ಮೂಗಿಗೇರಿತು.

“ಆಕ್ಷೀ!”

ಸಕಲ ಸದ್ದುಗಳನ್ನೂ ಕಲಿಸಿದ್ದ ಗುರು ಸೀನೊಂದನ್ನು ಕಲಿಸಿರಲಿಲ್ಲ! ಸಿಡಿಲಮರಿ ನಾಲ್ಕೂ ಕಾಲುಗಳಲ್ಲಿ ಆಕಾಶಕ್ಕೆ ಚಿಮ್ಮಿತು. ಉಡಚಪ್ಪನನ್ನು ಹುಲ್ಲಿನ ಬಣವೆಗೆ ಅರ್ಪಿಸಿತು. ಸೀಟಿ, ಕೇಕೆ, ಧೂಳುಗಳ ನಡುವೆ ಅಖಾಡವನ್ನು ದಾಟಿ, ಊರನ್ನು ದಾಟಿ, ಗೋವಿನಜೋಳದ ಹೊಲಗಳಲ್ಲಿ ಮಾಯವಾಯಿತು. “ನಮ್ಮ ಹೋರಿ! ನಮ್ಮ ಹೋರಿ!” ಎಂದು ಹುಚ್ಚನಂತೆ ನಗುತ್ತ ಗದಿಗೆಪ್ಪ ಬೆನ್ನಟ್ಟಿದ. ತಲೆಯ ಮೇಲೆ ಹುಲ್ಲುಕಿರೀಟ ಹೊತ್ತ ಉಡಚಪ್ಪ ಅವನ ಬೆನ್ನಟ್ಟಿದ.

ಹಳ್ಳದಾಚೆಯ ಊರಿನ ಹಿತ್ತಿಲೊಂದರಲ್ಲಿ ಸಿಡಿಲಮರಿ ಅಕ್ಕಿ ತೊಳೆದ ನೀರು ಕುಡಿಯುತ್ತಿತ್ತು. ಪಕ್ಕದಲ್ಲಿ ನೀಲವ್ವನೆಂಬ ಮುದುಕಿ ಕುಡಗೋಲಿನಿಂದ ಹಾರದ ಕೊನೆಯ ಕೊಬ್ಬರಿಯನ್ನು ಬಿಡಿಸುತ್ತಿದ್ದಳು.

“ಯವ್ವಾ, ಏನ್ ಮಾಡಿದಿ!” ವೀರರಿಬ್ಬರೂ ಚೀರಿದರು.

“ಪಾಪ, ಮೂಕಪ್ರಾಣಿ, ಭಾರ ಹೊತ್ಕೊಂಡು ಬಂದಿತ್ತು. ಬಿಚ್ಚಿದ್ನಿ. ಹೆಂಗೂ ಮನ್ಯಾಗ ಚಟ್ನಿಗೆ ಕೊಬ್ರಿ ಇರಲಿಲ್ಲ.”

“ನೀ ಕಿತ್ತಿಲ್ಲ, ಬೋಳಿಸ್ಕೋಲೇ ಮೀಸಿ!” ಎಂದ ಗದಿಗೆಪ್ಪ.

“ನಿನ್ನ ಕೊಬ್ರಿನೂ ಉಳದಿಲ್ಲ, ಮೊದ್ಲ ನೀ ಬೋಳಿಸ್ಕೋ!”

“ಇಬ್ರೂ ಬಾಯಿ ಮುಚ್ರಿ,” ಎಂದಳು ನೀಲವ್ವ. “ಅಷ್ಟು ಕಸುವಿದ್ರ ಒರಳ ಮುಂದ ಕೂಡ್ರಿ. ರೊಟ್ಟಿ ಆರಾಕತ್ತಾವು.”

ವೃಷಭಕುಲಗುರು ಚಟ್ನಿ ರುಬ್ಬಿದ. ಕೊಬ್ಬರಿಹರಣಪ್ರವೀಣ ಬೆಳ್ಳುಳ್ಳಿ ಸುಲಿದ. ಉಪ್ಪು ತುಸು ಹೆಚ್ಚಾಗಿತ್ತು.