ಗೊರಕೆಗೊಂದು ಬದಲಿ ವ್ಯವಸ್ಥೆ

“ಮಾವ ಹತ್ತು ದಿನ ಯಾಕೆ, ಹತ್ತು ವರ್ಷ ಬೇಕಾದ್ರೂ ಹೋಗಿದ್ದು ಬರಲಿ! ಅವರ ಗೊರಕೆ ಮಾತ್ರ ಈ ಮನೆ ಬಿಟ್ಟು ಒಂದಿಂಚೂ ಕದಲಲ್ಲ. ಅದು ನನ್ನ ಜವಾಬ್ದಾರಿ!”

ಹೀಗೆ ಘೋಷಿಸಿ ಅಳಿಯ ಊಟದ ಮೇಜನ್ನು ಗುದ್ದಿದ. ಲೋಟ ಉರುಳಿ ನೀರೆಲ್ಲ ಮಾವನ ಮಡಿಲಿಗೆ ಹರಿಯಿತು. ಮಾವ ಪೈಜಾಮ ಕೊಡವುತ್ತಾ, “ನಾನು ಗೊರಕೆ ಹೊಡೀತೀನಿ ಅಂತ ಯಾರು ಹೇಳಿದ್ದು?” ಎಂದರು.

ವಿಷಯ ಇಷ್ಟು. ಆ ಮನೆಯಲ್ಲಿ ಎಂಟು ತಿಂಗಳ ಕೂಸೊಂದಿದೆ. ದಾಖಲೆಗಳಲ್ಲಿ ಅದಕ್ಕೆ ಏನೋ ಚಂದದ ಹೆಸರಿದ್ದರೂ ಮನೆಯಲ್ಲಿ ಗುಂಡಕ್ಕ. ಗುಂಡಕ್ಕ ಮಧ್ಯಾಹ್ನ ಮಲಗಬೇಕಾದರೆ ಹಾಲ್‌ನ ದಿವಾನದ ಮೇಲೆ ಅಜ್ಜ ಅಡ್ಡಾಗಬೇಕು, ಪಕ್ಕದಲ್ಲೇ ಅವಳ ತೊಟ್ಟಿಲಿರಬೇಕು, ಅಜ್ಜನ ಗೊರಕೆ ಶುರುವಾಗಬೇಕು. ಐದೇ ನಿಮಿಷದಲ್ಲಿ ಅವಳೂ ಗಡದ್ದಾಗಿ ನಿದ್ದೆ. ಎತ್ತಿ ಆಡಿಸಿದರೆ ಇಲ್ಲ, ತೂಗಿದರೆ ಇಲ್ಲ, ಹಾಡಿದರಂತೂ ಇಲ್ಲವೇ ಇಲ್ಲ.

ಹಾಡಿನ ಮಾತು ಅಳಿಯನಿಗೆ ನೋವಿನದು. ಅವನ ಕಸುಬೇ ಸಂಗೀತ. ಸೋಪು, ಬಿಸ್ಕತ್ತು, ಸೀಲಿಂಗ್ ಫ್ಯಾನುಗಳ ಜಾಹೀರಾತಿಗೆ ರಾಗ ಹಾಕುತ್ತಾನೆ. ಹಾಲ್‌ಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಕೀಬೋರ್ಡು, ಎರಡು ಸ್ಪೀಕರು, ನೆಲದ ಮೇಲೆ ಹೊಟ್ಟೆ ಉಬ್ಬಿಸಿಕೊಂಡು ಕೂತ ಒಂದು ಬಾಸ್ ಸ್ಪೀಕರು. ಅದೇ ಅವನ ಸಾಮ್ರಾಜ್ಯ. ಮಗಳಿಗೆಂದು ಎರಡು ವಾರ ಕೂತು ಜೋಗುಳವೊಂದನ್ನು ಕಟ್ಟಿದ್ದ. ಗುಂಡಕ್ಕ ಅದನ್ನು ಕಣ್ಣು ಪಿಳಿಪಿಳಿ ಬಿಡುತ್ತಾ ಪೂರ್ತಿ ಕೇಳಿ, ಮುಗಿಯುವ ಹೊತ್ತಿಗೆ ಕಿಟಾರನೆ ಕಿರುಚಿದ್ದಳು. ಶ್ರುತಿ ಬಿಡದೆ ಕಿರುಚಿದಳು ಎಂಬುದೊಂದೇ ತಂದೆಗೆ ಉಳಿದ ಸಮಾಧಾನ.

ಈಗ ಮಾವನ ಅಕ್ಕನಿಗೆ ಕಣ್ಣಿನ ಆಪರೇಷನ್. ಮಾವ ಹತ್ತು ದಿನ ಅಲ್ಲಿಗೆ ಹೊರಟಿದ್ದರು. ಅಳಿಯನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಹೋದ ವಾರವಷ್ಟೇ ಮಕ್ಕಳ ವಾರ್ಡಿನ ರಾತ್ರಿ ಪಾಳಿಗೆ ಅವಳನ್ನೇ ಮುಖ್ಯಸ್ಥೆ ಮಾಡಿ, ಒಂದು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರು. ಒಂಬತ್ತು ವರ್ಷ ಅವಳು ಕಾದಿದ್ದ ಹುದ್ದೆ ಅದು.

“ನೋಡಿ, ನಂಗೆ ಮಧ್ಯಾಹ್ನ ನಾಲ್ಕು ಗಂಟೆ ನಿದ್ದೆ ಬೇಕೇ ಬೇಕು,” ಎಂದಳು ಅವಳು. “ತೂಕಡಿಸ್ಕೊಂಡು ಪುಟ್ಟ ಮಕ್ಕಳಿಗೆ ಔಷಧಿ ಅಳೆಯೋಕಾಗಲ್ಲ. ಗುಂಡಕ್ಕ ಅತ್ತರೆ ನಂಗೆ ಎಚ್ಚರ ಆಗೇ ಆಗತ್ತೆ. ನಿಮ್ಮ ಕೈಲಿ ಆಗದಿದ್ರೆ ಈಗಲೇ ಹೇಳಿಬಿಡಿ, ಈ ಹುದ್ದೆ ಬೇಡ ಅಂತ ಬರೆದುಕೊಟ್ಟು ಬರ್ತೀನಿ.”

“ಆಗದಿದ್ರೆ?! ಸದ್ದಿನ ವಿಷಯದಲ್ಲಿ ನನ್ನ ಕೈಲಿ ಆಗದೇ ಇರೋದು ಅಂತ ಒಂದಿದೆಯಾ?”

ಮಾವ ಹೊರಡುವ ಹಿಂದಿನ ದಿನ ಮಧ್ಯಾಹ್ನ ದಿವಾನದ ಎಡಬಲಕ್ಕೆ ಎರಡು ಮೈಕುಗಳು ಎದ್ದು ನಿಂತವು. ಮಾವ ಫೋಟೋಗೆ ಕೂತವರ ಹಾಗೆ ಮುಖ ಬಿಗಿದುಕೊಂಡು ಮಲಗಿದರು. ಕಾಲು ಗಂಟೆಯಾದರೂ ಸದ್ದಿಲ್ಲ.

“ಮಾವ, ಸ್ವಲ್ಪ ಸಹಜವಾಗಿರಿ.”

“ಸಹಜವಾಗೇ ಇದ್ದೀನಿ ಅಳಿಯಂದ್ರೇ. ನಾನು ಹೇಳಲಿಲ್ವಾ, ನಾನು ಯಾವತ್ತೂ ಗೊರಕೆ...”

ವಾಕ್ಯ ಅಲ್ಲೇ ನಿಂತಿತು. ಕ್ರಿಯಾಪದದ ಜಾಗದಲ್ಲಿ ಗೊರಕೆಯೇ ಬಂತು! ನಲವತ್ತು ನಿಮಿಷ ಅಳಿಯ ಉಸಿರು ಬಿಗಿಹಿಡಿದು ಧ್ವನಿಮುದ್ರಣ ಮಾಡಿಕೊಂಡ. ಗುಂಡಕ್ಕನೂ ಪಕ್ಕದಲ್ಲೇ ಸುಖವಾಗಿ ಮಲಗಿದ್ದಳು.

ಆಮೇಲೆ ಹೆಡ್‌ಫೋನ್ ಏರಿಸಿಕೊಂಡು ಶುದ್ಧೀಕರಣಕ್ಕೆ ಕೂತ. ಗೊರಕೆಯ ಜೊತೆ ಬೇಡದ್ದೆಲ್ಲ ಸೇರಿಕೊಂಡಿತ್ತು. ಫ್ಯಾನಿನ ಗರಗರ, ದಿವಾನದ ಕಿರ್ ಕಿರ್, ಗೋಡೆ ಗಡಿಯಾರ, ಅಡುಗೆಮನೆಯಿಂದ ಅತ್ತೆ ಆಗಾಗ ಕೂಗುವ “ರೀ... ಮಗ್ಗುಲು ಬದಲಾಯಿಸ್ರೀ!”, ಬೀದಿಯಲ್ಲಿ ಯಾರದೋ ಸ್ಕೂಟರು. ಒಂದೊಂದನ್ನೂ ಹುಡುಕಿ ಹುಡುಕಿ ಕತ್ತರಿಸಿ, ‘ಕಸ’ ಎಂದು ಹೆಸರಿಟ್ಟ ಫೋಲ್ಡರಿಗೆ ಎಸೆದ. ಕೊನೆಗೆ ಉಳಿದದ್ದು ಹನ್ನೆರಡು ನಿಮಿಷದ ಅಪ್ಪಟ, ಸೋಸಿದ, ಕಲಬೆರಕೆಯಿಲ್ಲದ ಗೊರಕೆ. ಅದನ್ನು ಸಾಫ್ಟ್‌ವೇರಿಗೆ ಸ್ಯಾಂಪಲ್ ಆಗಿ ತುಂಬಿ, ಕೀಬೋರ್ಡಿನ ಕಪ್ಪು-ಬಿಳಿ ಮನೆಗಳಿಗೆ ಕಟ್ಟಿದ. ಮನೆ ಒತ್ತಿದರೆ ಮಾವ ಗೊರಕೆ ಹೊಡೆಯಬೇಕು, ಬಿಟ್ಟರೆ ಸುಮ್ಮನಾಗಬೇಕು. ಇಂಥ ವಿಧೇಯ ಮಾವ ಲೋಕದಲ್ಲಿ ಇನ್ನೊಬ್ಬರಿಲ್ಲ ಎಂದು ಅವನಿಗೆ ಖುಷಿಯಾಯಿತು.

ಮಾವ ಹೋದ ಮೊದಲ ದಿನ ಸ್ಪೀಕರನ್ನು ತೊಟ್ಟಿಲ ಪಕ್ಕ ಇಟ್ಟು, ಗೊರಕೆ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುವಂತೆ ಲೂಪ್ ಹಾಕಿದ. ಆ ಹನ್ನೆರಡು ನಿಮಿಷದಿಂದ ಆರಿಸಿದ ಚಿಕ್ಕ ತುಂಡೊಂದು ಸುತ್ತುತ್ತಲೇ ಇತ್ತು. ಆದರೆ ಸುತ್ತು ಮುಗಿದು ಶುರುವಾಗುವ ಕಡೆ ಪ್ರತಿ ಸಲ “ಟಪ್” ಎಂದು ಒಂದು ಸಣ್ಣ ಸದ್ದು. ಗುಂಡಕ್ಕ ಪ್ರತಿ ಟಪ್ಪಿಗೂ ಕತ್ತೆತ್ತಿ ನೋಡಿದಳು. ಟಪ್ಪು ಹೋಗಲೆಂದು ಅಳಿಯ ತುಂಡಿನ ಕೊನೆಯನ್ನು ಮೊದಲಿನ ಮೇಲೆ ನಯವಾಗಿ ಹೊದಿಸಿದ. ಟಪ್ಪು ಮಾಯ! ಅದರ ಜೊತೆ ಇನ್ನೊಂದೂ ಮಾಯವಾಗಿತ್ತು. ಅತ್ತೆ ಕೈಯಲ್ಲಿ ಸೌಟು ಹಿಡಿದು ಓಡಿ ಬಂದರು.

“ಅಳಿಯಂದ್ರೇ, ಇವರು ಉಸಿರೇ ಒಳಗೆ ತಗೋತಿಲ್ವಲ್ಲ! ಬಿಡ್ತಾನೇ ಇದ್ದಾರೆ, ಬಿಡ್ತಾನೇ ಇದ್ದಾರೆ! ನನಗೆ ಎದೆ ಧಸಕ್ ಅಂತು.”

“ಅತ್ತೆ, ಇದು ಬರೀ ಲೂಪು.”

“ಏನಾದ್ರೂ ಇರಲಿ, ನಲವತ್ತು ವರ್ಷ ಅವರ ಜೊತೆ ಸಂಸಾರ ಮಾಡಿದ್ದೀನಿ. ಮೊದಲು ಅವರಿಗೆ ಉಸಿರು ಕೊಡಿ!”

ಉಸಿರು ಕೊಡುವಷ್ಟರಲ್ಲಿ ಗುಂಡಕ್ಕ ಅಳಲು ಶುರುವಿಟ್ಟಿದ್ದಳು. ಹೆಂಡತಿ ಆ ದಿನ ಮಲಗಿದ್ದು ಒಂದು ಗಂಟೆ.

ಎರಡನೇ ದಿನ ಅಳಿಯನ ತಲೆಗೆ ಹೊಳೆಯಿತು: ಸದ್ದಿನ ದಪ್ಪ ಸಾಲದು! ಮಾವ ಆಳು ಗಟ್ಟಿಮುಟ್ಟು, ಎದೆಯಿಂದ ಬರುವ ಸದ್ದು, ಅದು ಈ ಚಿಕ್ಕ ಸ್ಪೀಕರಿನಲ್ಲಿ ಬರುವುದೆಂತು? ಪಿಚ್ ಗುಂಡಿಯನ್ನು ಒಂದು ಸಪ್ತಕ ಕೆಳಗಿಳಿಸಿ, ಬಾಸ್ ಸ್ಪೀಕರನ್ನು ಹಾಲ್‌ಗೆ ಎಳೆದು ತಂದು ಗೋಡೆಗೆ ಆನಿಸಿಟ್ಟ. ಪಿಚ್ ಇಳಿದರೆ ಸದ್ದಿನ ವೇಗವೂ ಅರ್ಧಕ್ಕಿಳಿಯುತ್ತದೆ. ಮಾವನ ಒಂದೊಂದು ಗೊರಕೆಯೂ ಪಾತಾಳದಿಂದ ಎದ್ದು, ನಿಧಾನವಾಗಿ ಗೋಡೆ ಹತ್ತಿ, ನೀರಿನ ಪೈಪು ಹಿಡಿದು ಇಡೀ ಕಟ್ಟಡ ಸುತ್ತಾಡಿತು. ಶೋಕೇಸಿನ ಗಾಜು ತಾಳ ಹಾಕಿತು. ಗುಂಡಕ್ಕ ತೊಟ್ಟಿಲ ಕಂಬಿ ಹಿಡಿದು ಎದ್ದು ಕೂತು, ಬೆರಗಿನಿಂದ ಬಾಯಿ ತೆರೆದಳು.

ಅರ್ಧ ಗಂಟೆಯಲ್ಲಿ ಬಾಗಿಲು ಬಡಿದ ಸದ್ದು. ಹೊರಗೆ ಕಟ್ಟಡದ ಕಾವಲುಗಾರ, ಕೈತುಂಬ ಗ್ರೀಸು ಮೆತ್ತಿಕೊಂಡ ಪಂಪ್ ಮೆಕ್ಯಾನಿಕ್, ಅವರಿಬ್ಬರ ಹಿಂದೆ ಮೈತುಂಬ ಸೋಪಿನ ನೊರೆ, ಸೊಂಟಕ್ಕೊಂದು ಟವೆಲು ಸುತ್ತಿಕೊಂಡ ನಾಲ್ಕನೇ ಮಹಡಿಯ ಮೇಷ್ಟ್ರು. ನೀರಿನ ಪಂಪು ಸಾಯುತ್ತಿದೆ ಎಂದು ಹೆದರಿ ಕಾವಲುಗಾರ ಅದನ್ನು ನಿಲ್ಲಿಸಿದ್ದ. ಮೆಕ್ಯಾನಿಕ್ ಅದನ್ನು ಪೂರ್ತಿ ಬಿಚ್ಚಿ ನೆಲಕ್ಕೆ ಹರವಿದ್ದ. ಪಂಪು ಬಿಚ್ಚಿದ ಮೇಲೂ ಸದ್ದು ನಿಲ್ಲದಿದ್ದಾಗ ಗೋಡೆಗೆ ಕಿವಿಯಿಟ್ಟುಕೊಂಡೇ ಮೂರು ಮಹಡಿ ಹತ್ತಿ ಬಂದಿದ್ದ.

“ಸಾರ್, ಒಳಗೆ ಯಾವ ಮೋಟಾರು ಓಡ್ತಿದೆ?”

“ಮೋಟಾರಲ್ಲಪ್ಪ, ನಮ್ಮ ಮಾವ.”

ಮೆಕ್ಯಾನಿಕ್ ಕಣ್ಣು ಮುಚ್ಚಿ ಇನ್ನೊಂದು ಗೊರಕೆ ಕೇಳಿದ. “ಬೇರಿಂಗ್ ಹೋಗಿದೆ ಸಾರ್. ಇಳಿಸಿ ನೋಡ್ಬೇಕು.”

ಪಂಪು ಮತ್ತೆ ಕೂಡಿಸುವ ಹೊತ್ತಿಗೆ ಸಂಜೆಯಾಯಿತು. ಅಲ್ಲಿಯವರೆಗೆ ಇಡೀ ಕಟ್ಟಡಕ್ಕೆ ನೀರಿಲ್ಲ. ಮೇಷ್ಟ್ರು ಮೈಮೇಲೆ ಒಣಗಿದ ಸೋಪಿನೊಂದಿಗೇ ಅಳಿಯನಿಗೆ ನಾಗರಿಕ ಪ್ರಜ್ಞೆಯ ಬಗ್ಗೆ ಪಾಠ ಮಾಡಿದರು. ಈ ಗಲಾಟೆಯಲ್ಲಿ ಹೆಂಡತಿ ಮಲಗಿದ್ದು ಮುಕ್ಕಾಲು ಗಂಟೆ. ಸಂಜೆ ಅವಳು ಚಹಾಕ್ಕೆ ಉಪ್ಪು ಹಾಕಿದಳು. ಹಾಕಿ, ಕುಡಿದೂ ಬಿಟ್ಟಳು. ಅದನ್ನು ನೋಡಿ ಅಳಿಯನಿಗೆ ಮೊದಲ ಸಲ ನಿಜವಾಗಿ ಭಯವಾಯಿತು.

ಭಯವಾದರೇನು, ಕುತೂಹಲ ಬಿಡಬೇಕಲ್ಲ! ಅಳಿಯನಿಗೆ ಹುಟ್ಟಿನಿಂದ ಬಂದ ಕಾಯಿಲೆ ಅದು. ತಿರುಗಿಸುವ ಗುಂಡಿ ಕಂಡರೆ ತಿರುಗಿಸದೆ ಇರಲಾಗದು. ಮೂರನೇ ದಿನ ಬೆಳಿಗ್ಗೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳಿಗೆ ಆ ಗೊರಕೆಯಲ್ಲಿ ಬೇಕಾದದ್ದು ಏನು ಎಂಬ ಮಹಾಸಂಶೋಧನೆಗೆ ಇಳಿದ. ಪಿಚ್ ಮೇಲೇರಿಸಿದರೆ ಮಾವ ನಾಯಿಮರಿಯಾದರು. ಹಿಂದುಮುಂದಾಗಿ ನುಡಿಸಿದರೆ ಯಾರೋ ಬಿಸಿ ಸಾರನ್ನು ಸೊರ್ರೆಂದು ಹೀರಿದಂತೆ ಕೇಳಿತು. ಇನ್ನೊಂದು ಮೂಲೆಯಲ್ಲಿ ‘ಒನ್-ಶಾಟ್’ ಎಂಬ ಗುಂಡಿಯಿತ್ತು. ಅದನ್ನು ಒತ್ತಿದರೆ, ಮನೆಯಿಂದ ಬೆರಳು ತೆಗೆದರೂ ಸ್ಯಾಂಪಲ್ ನಿಲ್ಲದೆ ಕೊನೆಯವರೆಗೂ ಓಡುತ್ತದೆ.

“ಇದನ್ನ ಒತ್ತಿದ್ರೆ ಏನಾಗತ್ತೆ ಗೊತ್ತಾ ಗುಂಡಕ್ಕಾ?” ಎಂದು ಒತ್ತಿ ತೋರಿಸಿದ.

ಏನಾಗುತ್ತದೆ ಎಂದು ಗುಂಡಕ್ಕ ತೋರಿಸಿದಳು. ಎರಡೂ ಅಂಗೈ ಎತ್ತಿ ಕೀಬೋರ್ಡಿನ ಮೇಲೆ ಛಟೀರನೆ ಹೊಡೆದಳು. ಒಂಬತ್ತು ಮನೆ, ಒಂಬತ್ತು ಮಾವ! ಒಬ್ಬೊಬ್ಬರದು ಒಂದೊಂದು ಶ್ರುತಿ, ತಲಾ ಹನ್ನೆರಡು ನಿಮಿಷ, ಯಾರನ್ನೂ ನಿಲ್ಲಿಸುವಂತಿಲ್ಲ. ಗುಂಡಕ್ಕ ಕೇಕೆ ಹಾಕಿ ಇನ್ನೊಮ್ಮೆ ಹೊಡೆದಳು. ಕಂಪ್ಯೂಟರಿನ ಪರದೆ ಗರ ಬಡಿದಂತೆ ನಿಂತುಹೋಯಿತು; ಮಾವಂದಿರು ನಿಲ್ಲಲಿಲ್ಲ. ಅಳಿಯ ಮೇಜಿನ ಕೆಳಗೆ ನುಗ್ಗಿ ಸಿಕ್ಕ ಸಿಕ್ಕ ವಯರುಗಳನ್ನೆಲ್ಲ ಕಿತ್ತ. ಕೊನೆಯ ಮಾವ ಮೌನವಾದಾಗ ಬಾಗಿಲಲ್ಲಿ ಎರಡು ಪಾದ ಕಾಣಿಸಿದವು.

ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದ ಹೆಂಡತಿ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಅವಳು ಕೂಗಾಡಲಿಲ್ಲ, ಅದೇ ಭಯಂಕರ. ಮೇಜಿನ ಕೆಳಗೆ ಬಗ್ಗಿ ಮೆತ್ತಗೆ ಹೇಳಿದಳು.

“ನಿನ್ನೆ ರಾತ್ರಿ ಒಂದು ಮಗೂಗೆ ಔಷಧಿ ಅಳೀವಾಗ ಕಣ್ಣು ಮಂಜಾಯ್ತು. ಜೊತೆಗಿದ್ದ ನರ್ಸ್ ಕೈಲಿ ಎರಡು ಸಲ ನೋಡಿಸಿ ಕೊಟ್ಟೆ. ಇವತ್ತು ರಾತ್ರಿ ನಂಗೆ ಪಾಳಿ ಇಲ್ಲ. ನಾಳೆ ಮಧ್ಯಾಹ್ನ ಒಂದು ದಿನ ನೋಡ್ತೀನಿ. ನಿದ್ದೆ ಆಗದಿದ್ರೆ ಸಂಜೆ ಹೋಗಿ ಬರೆದುಕೊಡ್ತೀನಿ. ನಿಮ್ಮ ಮೇಲೆ ಕೋಪ ಇಲ್ಲರೀ. ಆದ್ರೆ ಇದು ಆಟ ಅಲ್ಲ.”

ಅಳಿಯ ಮೇಜಿನ ಕೆಳಗಿಂದ ತೆವಳಿ ಬಂದು, ಕಿತ್ತ ವಯರುಗಳನ್ನು ಸುತ್ತಿಟ್ಟ. ಅವನಿಗೆ ನಾಚಿಕೆಯಾಗಿತ್ತು. ಆ ಸಂಜೆ ಮಾವ ಬೇರೆ ಫೋನು ಮಾಡಿ, “ಇಲ್ಲಿ ನನಗೆ ನಿದ್ದೆನೇ ಹತ್ತುತಿಲ್ಲ ಅಳಿಯಂದ್ರೇ. ದಿಂಬು ಸರಿಯಿಲ್ಲವೇನೋ,” ಎಂದು ಗೋಳಾಡಿದರು. ಮಾವನ ಹನ್ನೆರಡು ನಿಮಿಷದ ಗೊರಕೆಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದಕ್ಕೇ ಅವರ ನಿದ್ದೆ ಹೋಯಿತೇ ಎಂದೂ ಅವನಿಗೆ ಅನ್ನಿಸಿತು.

ನಾಲ್ಕನೇ ದಿನ ಮಧ್ಯಾಹ್ನ. ಸ್ಪೀಕರಿಲ್ಲ, ಲೂಪಿಲ್ಲ, ಏನೂ ಇಲ್ಲ. ಹೆಂಡತಿ ಕೋಣೆಯ ಬಾಗಿಲು ಮುಚ್ಚಿಕೊಂಡಳು. ಅಳಿಯ ಸೋತು, ಗುಂಡಕ್ಕನನ್ನು ತೊಟ್ಟಿಲಲ್ಲಿ ಮಲಗಿಸಿ, ಮಾವನ ದಿವಾನದ ಮೇಲೆ ಮೈಚಾಚಿ, ಒಂದು ಕೈಯಿಂದ ತೂಗುತ್ತಾ ಬೇಡಿಕೊಳ್ಳತೊಡಗಿದ. “ಮಲ್ಕೊಳೇ ತಾಯಿ. ಅಮ್ಮನ ಒಂಬತ್ತು ವರ್ಷ ನಿನ್ನ ಕೈಲಿದೆ. ಮಲ್ಕೊಳೇ...” ಗುಂಡಕ್ಕ ಅಳುವಿಗೆ ಶ್ರುತಿ ಹಿಡಿಯುತ್ತಿದ್ದಳು. ಮೂರು ದಿನ ಹಗಲಿರುಳೂ ಗುಂಡಿ ತಿರುಗಿಸಿ ದಣಿದ ಅಳಿಯನಿಗೆ ಅವಳಿಗಿಂತ ಮೊದಲು ಕಣ್ಣು ಹತ್ತಿತು. ಬಾಯಿ ತೆರೆಯಿತು. ಗೊರಕೆ ಹೊರಟಿತು.

“ರೀ... ಮಗ್ಗುಲು ಬದಲಾಯಿಸ್ರೀ!”

ಅಡುಗೆಮನೆಯಿಂದ ಬಂದ ಆ ದನಿಗೆ ಅಳಿಯ ನಿದ್ದೆಗಣ್ಣಲ್ಲೇ ಹೊರಳಿ ಮಲಗಿದ. ಹೊರಳಿದ್ದರಿಂದ ಮುಖ ತೊಟ್ಟಿಲ ಕಡೆ ತಿರುಗಿತು. ಅರೆತೆರೆದ ಕಣ್ಣಿಗೆ ಕಂಡದ್ದೇನು! ಅಳು ನಿಲ್ಲಿಸಿದ ಗುಂಡಕ್ಕ ಬಾಯಿಗೆ ಹೆಬ್ಬೆರಳಿಟ್ಟುಕೊಂಡು ರೆಪ್ಪೆ ಇಳಿಸುತ್ತಿದ್ದಳು.

ಅಳಿಯನಿಗೆ ನಿದ್ದೆ ಹಾರಿಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಾಲಿಗೆ ಕಚ್ಚಿಕೊಂಡು ನಿಂತಿದ್ದರು.

“ಅಯ್ಯೋ, ನೀವಾ! ತಪ್ಪು ತಿಳ್ಕೋಬೇಡಿ ಅಳಿಯಂದ್ರೇ, ಗೊರಕೆ ಕೇಳಿದ್ರೆ ಬಾಯಿ ತಾನಾಗೇ...”

“ಅತ್ತೆ,” ಎಂದು ಪಿಸುಗುಟ್ಟಿದ ಅಳಿಯ, “ಇನ್ನೊಂದ್ಸಲ ಹೇಳಿ.”

“ಯಾರಿಗೆ?”

“ಯಾರಿಗಾದ್ರೂ! ನನಗೇ ಹೇಳಿ!”

ಅತ್ತೆ ಸಂಕೋಚದಿಂದ ಸೆರಗು ಸರಿಮಾಡಿಕೊಂಡು, “ರೀ... ಮಗ್ಗುಲು ಬದಲಾಯಿಸ್ರೀ,” ಎಂದರು. ಗುಂಡಕ್ಕನ ಇನ್ನೊಂದು ರೆಪ್ಪೆಯೂ ಮುಚ್ಚಿತು. ಗೊರಕೆಯೇ ಬೇಕಿರಲಿಲ್ಲ!

“ಹಾಗಿದ್ರೆ ಮೂರು ದಿನದಿಂದ ಯಾಕೆ ಒಂದ್ಸಲನೂ ಹೇಳಲಿಲ್ಲ ಅತ್ತೆ?”

“ಬಾಯಿ ತುದಿಗೆ ಬರ್ತಿತ್ತು. ಪೆಟ್ಟಿಗೆಗೆ ಮಗ್ಗುಲೆಲ್ಲಿರತ್ತೆ ಅಂತ ನುಂಗ್ಕೋತಿದ್ದೆ.”

ಅಳಿಯ ತುದಿಗಾಲಲ್ಲಿ ಕಂಪ್ಯೂಟರಿಗೆ ಓಡಿದ. ‘ಕಸ’ ಫೋಲ್ಡರ್ ತೆರೆದ. ಫ್ಯಾನಿಗೂ ಸ್ಕೂಟರಿಗೂ ನಡುವೆ, ತಾನೇ ಕೈಯಾರೆ ಕತ್ತರಿಸಿ ಎಸೆದ ಅತ್ತೆಯ ಏಳು ತುಂಡುಗಳು ಹಾಗೇ ಬಿದ್ದಿದ್ದವು. ಅವನ್ನು ಜೋಡಿಸಿ, ಯಾವ ಗುಂಡಿಯನ್ನೂ ಮುಟ್ಟದೆ, ಚಿಕ್ಕ ಸ್ಪೀಕರಿನಲ್ಲಿ ಸಣ್ಣಗೆ ಹಾಕಿದ. ಏನೋ ಹೊಳೆದು ಮಾವನ ಫೋನಿಗೂ ಒಂದು ಪ್ರತಿ ಕಳಿಸಿದ. ಮಾವನಿಂದ ಉತ್ತರ ಬರಲಿಲ್ಲ. ಒಂದು ಗಂಟೆಯ ಮೇಲೆ ಅವರ ಅಕ್ಕ ಫೋನು ಮಾಡಿದರು. “ಅದೇನಪ್ಪ ಕಳಿಸಿದ್ದು ನೀನು? ಕಿವಿಗಿಟ್ಕೊಂಡು ಕೇಳ್ತಾ ಕೇಳ್ತಾ ಮಲಗಿದೋನು ಎದ್ದಿಲ್ಲ. ನನ್ನ ಕಣ್ಣು ಸರಿಯಾಯ್ತು, ಈಗ ಕಿವಿ ಹೋಗ್ತಿದೆ!”

ಸಂಜೆ ಐದೂವರೆಗೆ ಹೆಂಡತಿ ಬಾಗಿಲು ತೆರೆದು ಹೊರಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ, ಮುಖದಲ್ಲಿ ನಾಲ್ಕು ದಿನದಲ್ಲಿ ಮೊದಲ ನಗು. ಗಡಿಯಾರ ನೋಡಿದಳು, ತೊಟ್ಟಿಲು ನೋಡಿದಳು, ನಂಬಲಾರದೆ ಗಂಡನನ್ನು ನೋಡಿದಳು.

“ಸಾಧಿಸಿಬಿಟ್ರಲ್ರೀ! ಅಷ್ಟೊಂದು ಗುಂಡಿ ತಿರುಗಿಸ್ತಿದ್ರಲ್ಲ, ಕೊನೆಗೂ ಏನು ಬದಲಾಯಿಸಿದ್ರಿ?”

ಅಳಿಯ ಅತ್ತೆಯ ಕಡೆ ನೋಡಿದ. ಅತ್ತೆ ಏನೂ ಕೇಳಿಸದವರಂತೆ ಬಟ್ಟೆ ಮಡಚುತ್ತಿದ್ದರು.

“ಮಗ್ಗುಲು,” ಎಂದ.