ಬೇಟೆ ಆಫೀಸಿನ ಸೊಸೆ

ನಮ್ಮ ಆಫೀಸಿನಲ್ಲಿ ವಾರಕ್ಕೊಂದಾದರೂ ಫಜೀತಿ ಆಗದಿದ್ದರೆ ಮಾಲೀಕರಿಗೆ ಫೋನು ಕೆಟ್ಟಿದೆಯೇನೋ ಎಂಬ ಅನುಮಾನ ಬರುತ್ತದೆ. ಆಫೀಸು ಇರುವುದು ಅಮೆರಿಕದ ಸ್ಯಾನ್ ಹೊಸೆಯಲ್ಲಿ, ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಪಕ್ಕದಲ್ಲಿ. ಇಲ್ಲಿಂದ ನಮೀಬಿಯಾಕ್ಕೋ ದಕ್ಷಿಣ ಆಫ್ರಿಕಾಕ್ಕೋ ಬೇಟೆಗೆ ಹೋಗುವವರಿಗೆ ಏರ್ಪಾಡು ಮಾಡಿಕೊಡುವುದು ನಮ್ಮ ಕೆಲಸ. ವಿಮಾನದ ಟಿಕೆಟ್ಟು, ಕೋವಿಯ ಪರವಾನಗಿ, ಕಾಡಿನ ಕ್ಯಾಂಪು, ಜೊತೆಯಲ್ಲೇ ನಡೆದು ಪ್ರಾಣಿ ತೋರಿಸುವ ಗೈಡು, ಎಲ್ಲವನ್ನೂ ಗೊತ್ತು ಮಾಡುವವಳು ನಾನು. ನಾನೋ, ಜಿರಲೆ ಕಂಡರೆ ಮೊರದಲ್ಲಿ ಎತ್ತಿ ಹಿತ್ತಿಲಿಗೆ ಬಿಟ್ಟು ಬರುವ ಮೈಸೂರಿನ ಮನೆತನದವಳು.

ಕೊಲ್ಲುವುದು ನನಗೆ ಇಷ್ಟವಿಲ್ಲ. ಆದರೆ ಒಂದು ಜೊತೆ ಕೋಡಿನ ಆಸೆಗೆ ಅಷ್ಟು ದೂರ ಹೋಗಿ ಬಿಸಿಲಲ್ಲಿ ಅಲೆಯುವವರು ಎಂಥ ಜನ ಎಂಬ ಕುತೂಹಲವನ್ನು ತಡೆಯಲು ನನ್ನಿಂದ ಆಗುವುದಿಲ್ಲ. ಈ ಕುತೂಹಲಕ್ಕೆ ಯಾರೋ ಸಂಬಳ ಕೊಡುತ್ತಾರೆ ಎಂಬುದೇ ನನಗೆ ಇನ್ನೂ ಆಶ್ಚರ್ಯ.

ಗೋಡೆಯ ಮೇಲಿನವರು

ಇಂಟರ್‌ವ್ಯೂಗೆ ಹೋದ ದಿನ ಬಾಗಿಲು ತೆಗೆದ ಕೂಡಲೇ ಗೋಡೆ ತುಂಬ ತಲೆಗಳು. ತಿರುಚಿದ ಕೋಡಿನದೊಂದು, ಗಡ್ಡ ಬಿಟ್ಟದ್ದೊಂದು, ಕೋರೆಹಲ್ಲು ಹೊರಗೆ ಹಾಕಿಕೊಂಡ ಕಾಡುಹಂದಿಯೊಂದು. ಎಲ್ಲವೂ ನನ್ನನ್ನೇ ನೋಡುತ್ತಿದ್ದವು, ಗಂಡಿನ ಕಡೆಯವರು ಹೆಣ್ಣು ನೋಡಲು ಬಂದ ಹಾಗೆ.

ಮಾಲೀಕರು ಡ್ಯಾನ್‌ವಿಲ್‌ನಲ್ಲಿರುವ ಅಮೆರಿಕದ ಹಿರಿಯರು, ಮೃದು ಮಾತಿನವರು. ಇಂಡಿಯಾದ ಹೆಂಗಸು ಹೆದರಿಯಾಳು ಎಂದು ಸಂಕೋಚದಿಂದ ಕೇಳಿದರು, "ದಿನವಿಡೀ ಸತ್ತವರ ಮುಖ ನೋಡಿಕೊಂಡು ಕೂತು ಕೆಲಸ ಮಾಡಬೇಕಾಗುತ್ತೆ. ನಿಮಗೆ ಕಷ್ಟ ಆಗಲ್ವಾ?"

ನಾನು ಅಂದೆ, "ಏನೂ ಇಲ್ಲ ಸರ್. ನಮ್ಮ ಮನೆ ಹಾಲಿನ ಗೋಡೆಯಲ್ಲೂ ತೀರಿಕೊಂಡವರೇ ಇರೋದು. ನಾವು ಹಾರ ಬೇರೆ ಹಾಕ್ತೀವಿ."

ಅವರು ಕುರ್ಚಿಯಿಂದ ಎದ್ದು ನನ್ನ ಕೈ ಕುಲುಕಿದರು. ಆಮೇಲೆ ಬಹಳ ಗೌರವದಿಂದ, "ನಿಮ್ಮ ಮನೆತನದಲ್ಲಿ ಯಾರು ಬೇಟೆ ಆಡ್ತಿದ್ದಿದ್ದು?" ಎಂದರು.

ಮರೆತ ಊಟದ ಡಬ್ಬಿ

ನಮ್ಮ ಮಾವನವರು ಮೈಸೂರಿನಲ್ಲಿ ಹೈಸ್ಕೂಲು ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಾರೆ. ಅವರಿಗೆ ನಾನು "ಟ್ರಾವೆಲ್ ಆಫೀಸು" ಎಂದಷ್ಟೇ ಹೇಳಿದ್ದೆ. ಸುಳ್ಳೇನಲ್ಲ, ನಮ್ಮ ಗಿರಾಕಿಗಳು ಟ್ರಾವೆಲ್ ಮಾಡುತ್ತಾರೆ. ಅಲ್ಲಿ ಹೋಗಿ ಏನು ಮಾಡುತ್ತಾರೆ ಎಂಬುದನ್ನು ಯಾರೂ ಕೇಳಿರಲಿಲ್ಲ.

ಒಂದು ದಿನ ನಾನು ಊಟದ ಡಬ್ಬಿ ಮರೆತು ಹೋದೆ. ಮಾವನವರು ಲೈಟ್ ರೈಲು ಹತ್ತಿ, ದಾರಿ ಕೇಳಿಕೊಂಡು, ಡಬ್ಬಿ ಹಿಡಿದು ಬಂದೇಬಿಟ್ಟರು. ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಕಾಲಿಟ್ಟವರು ಹಾಗೇ ನಿಂತರು.

"ಇದೇನಮ್ಮ ಇದು?"

"ಕುಡೂ ಅಂತ ಮಾವ. ಆಫ್ರಿಕಾದ್ದು. ಜಿಂಕೆ ಜಾತಿ."

"ಮಿಕ್ಕಿದ್ದೆಲ್ಲಿ?"

ಮಾಂಸ ಅಲ್ಲಿಯ ಕ್ಯಾಂಪಿನವರಿಗೂ ಹಳ್ಳಿಯವರಿಗೂ ಹೋಗುತ್ತದೆ ಎಂದು ಮಾಲೀಕರು ವಿವರಿಸಿದರು. ಮಾವನವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವರ ಕಣ್ಣು ಕಾಡುಹಂದಿಯ ಕೋರೆಹಲ್ಲಿನ ಮೇಲಿತ್ತು. ಅದೇ ಹೊತ್ತಿಗೆ ಗೋಡೆಯಾಚೆ ಹಲ್ಲು ಕೊರೆಯುವ ಮೆಷಿನ್ನು ಗುಂಯ್ ಎಂದಿತು. "ಪಾಪ, ಇದು ಹಲ್ಲು ತೋರಿಸೋಕೆ ಬಂದಿತ್ತೇನೋ" ಎಂದು ಡಬ್ಬಿ ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು.

ಸಂಜೆ ಮನೆಯಲ್ಲಿ ತೀರ್ಪು ಕಾದಿತ್ತು. ಮುಂದಿನ ವರ್ಷದ ಬೇಸಿಗೆ ರಜೆಗೆ ನನ್ನ ಮಗನ ಮುಂಜಿ ಎಂದು ಆಗಲೇ ಮಾತಾಗಿತ್ತು. ಮಾವನವರು ಹೇಳಿದರು, "ನೋಡಮ್ಮ, ನಿನ್ನನ್ನ ಬೈಯೋದಿಲ್ಲ. ಆದರೆ ನೀನು ಆ ಕೆಲಸ ಬಿಡೋವರೆಗೂ ಮುಂಜಿಗೆ ನಾನು ಕೂರೋದಿಲ್ಲ. ಉಪದೇಶಕ್ಕೂ ಇಲ್ಲ, ಆಶೀರ್ವಾದಕ್ಕೂ ಇಲ್ಲ."

ತಾತನಿಲ್ಲದೆ ಮೊಮ್ಮಗನ ಮುಂಜಿ ಹೇಗೆ? ಕೆಲಸ ಬಿಡಲೂ ಮನಸ್ಸು ಒಪ್ಪದು. ನೀವಾದರೂ ಒಂದು ಮಾತು ಹೇಳಿ ಎಂದು ನಮ್ಮ ಯಜಮಾನರ ಕಡೆ ನೋಡಿದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಯೂ ಆರ್ ಆನ್ ಮ್ಯೂಟ್" ಎಂದರು. ಹೇಳಿದ್ದು ಮೀಟಿಂಗಿನವರಿಗೋ ನನಗೋ ಇವತ್ತಿಗೂ ಗೊತ್ತಾಗಿಲ್ಲ.

ಸಸ್ಯಾಹಾರಿ ಬೇಟೆಗಾರ

ನಮ್ಮ ಗಿರಾಕಿಗಳಲ್ಲಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಒಬ್ಬ ಹುಡುಗಪ್ರಾಯದ ವಿಜ್ಞಾನಿ ಇದ್ದ. ಅವನದೊಂದು ವ್ರತ: ಸ್ವಂತ ಕೈಯಿಂದ ಕೊಂದದ್ದನ್ನು ಮಾತ್ರ ತಿನ್ನಬೇಕು. ಒಳ್ಳೆಯದೇ. ಆದರೆ ಇದುವರೆಗೆ ಅವನು ಏನನ್ನೂ ಕೊಂದಿರಲಿಲ್ಲ. ಹಾಗಾಗಿ ವರ್ಷಗಳಿಂದ ಸೊಪ್ಪು ತಿಂದುಕೊಂಡಿದ್ದ.

"ಮೊದಲ ಜಿಂಕೆ ಬೀಳುವ ತನಕ ನನಗೆ ಕ್ಯಾಂಪಿನಲ್ಲಿ ಸಸ್ಯಾಹಾರ ಬೇಕು" ಎಂದ. ನಮೀಬಿಯಾದ ಆ ಕ್ಯಾಂಪಿನ ಅಡುಗೆಯವರಿಗೆ ಮಾಂಸ ಬೇಯಿಸಿಯೇ ಅಭ್ಯಾಸ. ಬೇಟೆಗೆ ಬಂದವನು ಮಾಂಸ ಒಲ್ಲೆ ಅಂದದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಲ್ಲಿಗೂ ಇಲ್ಲಿಗೂ ಹೊತ್ತು ಹೊಂದುವುದಿಲ್ಲವಾದ್ದರಿಂದ ನಾನು ಬೆಳಗಿನ ಕಾಫಿ ಹೊತ್ತಿನಲ್ಲಿ ಮನೆಯಿಂದಲೇ ಫೋನು ಹಚ್ಚಿ, ಸ್ಪೀಕರಿನಲ್ಲಿಟ್ಟು, ಅವರಿಗೆ ನಿಂಬೆಹಣ್ಣಿನ ಚಿತ್ರಾನ್ನ ಹೇಳಿಕೊಡುತ್ತಿದ್ದೆ. ಮಾವನವರು ಪಕ್ಕದಲ್ಲಿ ಪೇಪರು ಓದುತ್ತಿದ್ದರು. ಕೆಲಸದ ಫೋನು ಬಂದರೆ ಅವರು ಪೇಪರು ಮುಖಕ್ಕೆ ಅಡ್ಡ ಹಿಡಿಯುವುದು ವಾಡಿಕೆ.

"ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಆಮೇಲೆ?" ಎಂದರು ಆ ಕಡೆಯಿಂದ.

"ಆಮೇಲೆ ಕಡಲೆಬೇಳೆ, ಉದ್ದಿನಬೇಳೆ..."

ಪೇಪರು ಕೆಳಗಿಳಿಯಿತು. "ಇಂಗು ಹಾಕೋಕೆ ಹೇಳು! ಇಂಗಿಲ್ದೆ ಅದೆಂಥ ಒಗ್ಗರಣೆ?"

"ಅವರು ಯಾರು?" ಎಂದರು ಅಡುಗೆಯವರು.

"ನಮ್ಮ ಮಾವ. ನಿಮ್ಮ ವ್ಯವಹಾರಕ್ಕೆ ಪೂರ್ತಿ ವಿರೋಧ" ಎಂದೆ.

ಅಲ್ಲಿ ಇಂಗು ಎಲ್ಲಿ ಸಿಗಬೇಕು? ಇಂಡಿಯನ್ ಗ್ರೋಸರಿಯಿಂದ ದೊಡ್ಡ ಡಬ್ಬಿಯನ್ನೇ ತಂದು ವಿಜ್ಞಾನಿಗೆ ಕೊಟ್ಟೆ. ಆ ಜಾಣ ಅದನ್ನು ಬೇಟೆಗೆ ಹಾಕುವ ಬಟ್ಟೆಗಳ ಮಧ್ಯೆ ಇಟ್ಟುಕೊಂಡು ಹೋದ. ದಾರಿಯಲ್ಲಿ ಡಬ್ಬಿಯ ಮುಚ್ಚಳ ಸಡಿಲವಾಗಿ ಬಟ್ಟೆಗೆಲ್ಲ ಇಂಗು ಹರಡಿದೆ. ಅಲ್ಲಿ ಅವನು ಎಷ್ಟು ಬಗ್ಗಿ, ಎಷ್ಟು ತೆವಳಿ ಹೋದರೂ ಅಷ್ಟು ದೂರದಲ್ಲೇ ಇಡೀ ಹಿಂಡು ಮೂಗು ಮೇಲೆತ್ತಿ ಓಟ ಕೀಳುತ್ತಿತ್ತಂತೆ. ಒಂದು ಪ್ರಾಣಿಯೂ ಬೀಳಲಿಲ್ಲ. ಅವನು ಚಿತ್ರಾನ್ನ ತಿಂದುಕೊಂಡು, ಮೈ ತುಂಬಿಕೊಂಡು ವಾಪಸ್ಸು ಬಂದ.

ಈ ಸುದ್ದಿ ಹೇಳಿದ ದಿನ ಮಾವನವರು ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. "ಒಂದು ಡಬ್ಬಿ ಇಂಗಲ್ಲಿ ಎಷ್ಟು ಜೀವ ಉಳೀತು ನೋಡು! ಎಲ್ಲ ಗಿರಾಕಿಗಳಿಗೂ ಕೊಟ್ಟು ಕಳಿಸು" ಎಂದರು.

ಬೂದಿ ಚೀಲ

ಬೇಟೆಯ ಗೈಡುಗಳು ಆಫ್ರಿಕಾದಲ್ಲಿ ಕೆಲಸ ಕಡಿಮೆ ಇರುವ ಜನವರಿ ಸುಮಾರಿಗೆ ಅಮೆರಿಕಕ್ಕೆ ಬಂದು ಹಳೆಯ ಗಿರಾಕಿಗಳನ್ನು ಮಾತಾಡಿಸಿಕೊಂಡು ಹೋಗುವುದು ಪದ್ಧತಿ. ವಿಜ್ಞಾನಿಯನ್ನು ಕಾಡಿನಲ್ಲಿ ಸುತ್ತಾಡಿಸಿದ್ದ ಗೈಡು ಬಂದಾಗ ಮಾಲೀಕರು, "ಹೋಟೆಲಿನ ಊಟ ತಿಂದು ಬೇಸತ್ತಿದ್ದಾರೆ. ಆ ಹಳದಿ ಅನ್ನ ಹೇಳಿಕೊಟ್ಟ ಮನೆಯಲ್ಲೇ ಊಟ ಮಾಡಬೇಕಂತೆ" ಎಂದರು. ಮನೆಗೆ ಕರೆದೆ. ಮಾವನವರು ಬೆಳಗಿನಿಂದಲೇ ಅಹಿಂಸೆಯ ಮೇಲೆ ಭಾಷಣ ಸಿದ್ಧ ಮಾಡಿಕೊಂಡು ಕೂತಿದ್ದರು.

ಗೈಡು ಬಂದರು. ಬಾಗಿಲಷ್ಟು ಎತ್ತರದ ಮನುಷ್ಯ, ಆ ಚಳಿಯಲ್ಲೂ ಖಾಕಿ ಚಡ್ಡಿ. ಊಟವಾಯಿತು. ಮಾವನವರು ಗಂಟಲು ಸರಿಮಾಡಿಕೊಂಡರು. ಆದರೆ ಬಾಯಿಂದ ಬಂದದ್ದು ಭಾಷಣವಲ್ಲ, ಪ್ರಶ್ನೆ.

"ಅಲ್ಲಯ್ಯಾ, ಅಷ್ಟು ದೂರಕ್ಕೆ ಇಂಗಿನ ವಾಸನೆ ಅದಕ್ಕೆ ಹ್ಯಾಗೆ ಹೋಗುತ್ತೆ?"

ನಾನು ಇಂಗ್ಲಿಷಿಗೆ ತಿರುಗಿಸಿ ಕೇಳಿದೆ. "ಎಲ್ಲ ಗಾಳಿಯ ಆಟ" ಎಂದು ಗೈಡು ಚಡ್ಡಿಯ ಜೇಬಿನಿಂದ ಬಟ್ಟೆಯ ಸಣ್ಣ ಚೀಲವೊಂದನ್ನು ತೆಗೆದರು. ಅದರಲ್ಲಿ ಕ್ಯಾಂಪಿನ ಒಲೆಯ ಬೂದಿ. ಕಾಡಿನಲ್ಲಿ ಅದನ್ನು ಮೆಲ್ಲಗೆ ಕೊಡವಿದರೆ ಬೂದಿ ಯಾವ ಕಡೆ ತೇಲುತ್ತದೋ ಗಾಳಿ ಆ ಕಡೆ ಎಂದು ತಿಳಿಯುತ್ತದೆ. ತೋರಿಸೋಣವೆಂದು ಮಾವನವರ ಮುಂದೆ ಚೀಲ ಹಿಡಿದು ಒಂದು ಸಲ ತಟ್ಟಿದರು.

ಮಾವನವರ ಬಲಗೈ ತಾನಾಗಿ ಮುಂದೆ ಬಂತು, ಎಡಗೈ ಅದರ ಕೆಳಗೆ ಸೇರಿತು. ಅಂಗೈಗೆ ಬಿದ್ದ ಬೂದಿಯನ್ನು ಕಣ್ಣಿಗೆ ಒತ್ತಿಕೊಂಡು, ಮೂರು ಬೆರಳಲ್ಲಿ ಹಣೆಗೆ ಅಡ್ಡ ಎಳೆದುಕೊಂಡರು. ಗೈಡು, ಈ ಮನೆಯಲ್ಲಿ ಊಟವಾದ ಮೇಲೆ ಹೀಗೆ ಮಾಡಬೇಕೇನೋ ಎಂದುಕೊಂಡು, ತಾವೂ ಹಾಗೇ ಎಳೆದುಕೊಂಡರು. ನಾನು ಮಜ್ಜಿಗೆ ತರುವ ನೆಪದಲ್ಲಿ ಅಡುಗೆಮನೆಗೆ ಓಡಿ ಸೆರಗು ಬಾಯಿಗೆ ತುರುಕಿಕೊಂಡೆ.

ಅವರು ಹೋದ ಮೇಲೆ ಮಾವನವರು ಹೇಳಿದರು, "ಮನುಷ್ಯ ಆಚಾರವಂತ. ಭಸ್ಮ ಇಲ್ದೆ ಕಾಡಿಗೆ ಕಾಲಿಡೋದಿಲ್ಲ. ಕಸುಬೊಂದು ಕೆಟ್ಟದ್ದು ಅಷ್ಟೆ. ನೀನು ಕೆಲಸ ಬಿಡೋದು ಯಾವಾಗ?"

ನಾಯಿ ತಿಂದದ್ದು

ಮುಂಜಿ ಹತ್ತಿರ ಬಂತು. ಇನ್ನು ಎಳೆದಾಡಿ ಪ್ರಯೋಜನವಿಲ್ಲ ಎಂದು ಮಾಲೀಕರಿಗೆ ರಾಜೀನಾಮೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಒರೆಸಿ ಹಾಕಿಕೊಂಡರು. ನನಗೂ ಅಳು ಬಂತು.

ಆ ವಾರವೇ ಶಾಸ್ತ್ರಿಗಳು ಮನೆಗೆ ಬಂದರು. ವಾರವೆಲ್ಲ ಸಾಫ್ಟ್‌ವೇರು, ಶನಿವಾರ ಭಾನುವಾರ ಪೌರೋಹಿತ್ಯ ಅವರದು. "ದರ್ಭೆ ಇದೆ, ಮುತ್ತುಗದ ಕೋಲಿದೆ. ಕೃಷ್ಣಾಜಿನ ಒಂದು ಇಲ್ಲ ಮೇಷ್ಟ್ರೇ" ಎಂದರು. ಕೃಷ್ಣಾಜಿನವೆಂದರೆ ಮುಂಜಿಯಲ್ಲಿ ವಟುವಿಗೆ ತೊಡಿಸುವ ಕರೀ ಜಿಂಕೆಯ ಚರ್ಮ.

"ನಿಮ್ಮ ಹತ್ರ ಒಂದಿತ್ತಲ್ಲ?"

"ಇತ್ತು. ನಮ್ಮ ತಾತನ ಕಾಲದ್ದು. ಅದನ್ನೇ ಎಲ್ಲರ ಮನೆಗೂ ಒಯ್ತಿದ್ದೆ. ಹೋದ ತಿಂಗಳು ಒಂದು ಮುಂಜಿಮನೇಲಿ ಅವರ ನಾಯಿ ಕಚ್ಚಿಕೊಂಡು ಓಡಿತು. ಮಂತ್ರ ನಿಲ್ಲಿಸಿ ನಾನೂ ಹಿಂದೆ ಓಡಿದೆ. ನಾನು ಸಿಕ್ಕಿದ್ದು ನಾಯಿಗೆ, ಚರ್ಮ ಸಿಗಲಿಲ್ಲ." ಪಂಚೆ ಸರಿಸಿ ಮೊಣಕಾಲಿನ ಕೆಳಗಿನ ಗಾಯ ತೋರಿಸಿದರು. "ಇಂಡಿಯಾದಿಂದ ತರೋ ಹಾಗಿಲ್ಲ, ಕಾನೂನು ಬಿಡೋದಿಲ್ಲ. ಈಗೆಲ್ಲ ಅದಿಲ್ದೇನೂ ಮಾಡ್ತಾರೆ..."

"ಛೇ ಛೇ, ಅದಿಲ್ದೆ ಅದೆಂಥ ಮುಂಜಿ?" ಎಂದರು ಮಾವನವರು. ಅವರು ಸೀಲಿಂಗ್ ನೋಡಿದರು. ನಾನು ನೆಲ ನೋಡಿದೆ. ಶಾಸ್ತ್ರಿಗಳು ಇಬ್ಬರನ್ನೂ ನೋಡಿದರು.

"ಅಮ್ಮಾ... ನಿಮ್ಮ ಆಫೀಸಲ್ಲಿ ಒಂದು ಮಾತು ಕೇಳಿದ್ರೆ?" ಎಂದರು ಮಾವನವರು.

"ಕೇಳಬಹುದಿತ್ತು ಮಾವ. ಆದರೆ ಕೆಲಸ ಬಿಟ್ಟೆನಲ್ಲ. ಈ ಶುಕ್ರವಾರವೇ ಕೊನೆ."

ಮಾವನವರು ತಟ್ಟನೆ ಎದ್ದು ನಿಂತರು. "ಯಾರು ನಿನಗೆ ಇಷ್ಟು ಅವಸರ ಮಾಡು ಅಂದಿದ್ದು?"

ಆಫ್ರಿಕಾದ ಜಿಂಕೆ

ಮಾವನವರನ್ನೂ ಶಾಸ್ತ್ರಿಗಳನ್ನೂ ಕರೆದುಕೊಂಡು ಆಫೀಸಿಗೆ ಹೋಗಿ ರಾಜೀನಾಮೆ ವಾಪಸ್ಸು ತೆಗೆದುಕೊಂಡೆ. ಮಾಲೀಕರ ಆನಂದ ಹೇಳತೀರದು. ಒಳಕೋಣೆಯಿಂದ, ಕಾಗದಪತ್ರ ಸಮೇತ ಬಂದು ಹದವಾಗಿದ್ದ ಸ್ಪ್ರಿಂಗ್‌ಬಾಕ್ ಚರ್ಮಗಳನ್ನೆಲ್ಲ ತಂದು ಮೇಜಿನ ಮೇಲೆ ಹರಡಿದರು. ಸ್ಪ್ರಿಂಗ್‌ಬಾಕ್ ಅಲ್ಲಿಯ ಜಿಂಕೆ ಜಾತಿ. ಕಂದು ಬಣ್ಣದ್ದು, ಬಿಳಿಯದು, ಕರಿಯದು, ಮೂರೂ ಇದ್ದವು. ಸೀರೆ ಅಂಗಡಿಯವರ ಹಾಗೆ ಒಂದೊಂದನ್ನೇ ಬಿಡಿಸಿ ತೋರಿಸಿದರು. ದುಡ್ಡು ಬೇಡ, ಹುಡುಗನಿಗೆ ನನ್ನ ಉಡುಗೊರೆ ಎಂದರು.

ಶಾಸ್ತ್ರಿಗಳು ಕರಿಯದನ್ನು ಮುಟ್ಟಿ, "ದೇಶ ಕಾಲ ನೋಡಬೇಕಲ್ವೇ ಮೇಷ್ಟ್ರೇ, ನಡೆಯುತ್ತೆ" ಎಂದು ಒಪ್ಪಿಗೆ ಕೊಟ್ಟರು. ಮಾವನವರಿಗೆ ಮಾತ್ರ ಒಂದು ಕಡೆ ಕೊರೆಯುತ್ತಿತ್ತು. ಮಾಲೀಕರನ್ನೇ ನೇರ ಇಂಗ್ಲಿಷಿನಲ್ಲಿ ಕೇಳಿದರು, "ಇದು ವಯಸ್ಸಾಗಿ ತಾನಾಗೇ ಸತ್ತಿದ್ದು ತಾನೇ?"

"ಇಲ್ಲ ಸರ್" ಎಂದರು ಮಾಲೀಕರು ಹೆಮ್ಮೆಯಿಂದ. "ಒಂದೇ ಗುಂಡು, ಭುಜದ ಹಿಂದೆ. ಬಹಳ ಸುಂದರವಾದ ಹೊಡೆತ."

ಮಾವನವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಈ ಮನುಷ್ಯನಿಗೆ ಒಂದು ಸುಳ್ಳು ಹೇಳೋಕೂ ಬರಲ್ವೇನಮ್ಮ?" ಎಂದರು.

ಏನಂದರು ಎಂದು ಮಾಲೀಕರು ಕೇಳಿದರು. "ನೀವು ಬಹಳ ಪ್ರಾಮಾಣಿಕರಂತೆ" ಎಂದೆ.

ಮುಂಜಿ ಚೆನ್ನಾಗಿ ನಡೆಯಿತು. ಮಾವನವರು ಕೂತರು. ಮೊಮ್ಮಗನ ಭುಜಕ್ಕೆ ಚರ್ಮವನ್ನು ತಾವೇ ಹೊದಿಸಿದರು, ಹೊದಿಸುವಾಗ ಅವರ ಕಣ್ಣು ತುಂಬಿತು. ನನ್ನ ಕಣ್ಣೂ ತುಂಬಿತು. ಮಗ ಮಾತ್ರ, "ತಾತ, ಇಟ್ಸ್ ಸೋ ಸಾಫ್ಟ್" ಎಂದು ಅದನ್ನು ಕೊನೆಯವರೆಗೂ ನೇವರಿಸುತ್ತಿದ್ದ.

ಊಟದ ಪಂಕ್ತಿಯಲ್ಲಿ ಬಡಿಸುತ್ತಾ ಬಂದೆ. ಮಾವನವರ ಪಕ್ಕ ಕೂತಿದ್ದ ಒಬ್ಬ ಹಿರಿಯರು ಎಲೆಯಿಂದ ತಲೆ ಎತ್ತಿ ಕೇಳಿದರು, "ಚರ್ಮ ಬಹಳ ಚೆನ್ನಾಗಿದೆ ಮೇಷ್ಟ್ರೇ, ಎಲ್ಲಿ ಸಿಕ್ತು? ನಮ್ಮ ಮೊಮ್ಮಗನ ಮುಂಜಿಗೂ ಬೇಕಾಗಿತ್ತು."

"ನಮ್ಮ ಸೊಸೆ ಕಂಪನೀದು" ಎಂದರು ಮಾವನವರು.

"ಹೌದಾ? ಯಾವ ಕಂಪನಿ?"

ನನ್ನ ಕೈಯಲ್ಲಿ ಪಾಯಸದ ಸೌಟು ಹಾಗೇ ನಿಂತಿತು. ಮಾವನವರು ಹಪ್ಪಳ ಮುರಿಯುತ್ತಾ, ಒಂದಿಷ್ಟೂ ತಡವರಿಸದೆ ಹೇಳಿದರು:

"ವೈದಿಕ ಸಾಮಗ್ರಿ. ಆಫ್ರಿಕಾದಿಂದ ಇಂಪೋರ್ಟು."