ರೊಟ್ಟಿಯ ಸಪ್ಪಳ ಮತ್ತು ನನ್ನ ಸುಪ್ತ ಮನಸ್ಸು

ಮನಃಶಾಸ್ತ್ರ ಕಲಿಸುವವನ ಮನೆಯಲ್ಲಿ ಯಾರಿಗೂ ಸುಮ್ಮನೆ ಸೀನುವ ಸ್ವಾತಂತ್ರ್ಯವಿರುವುದಿಲ್ಲ. ಸೀನಿಗೂ ಬಾಲ್ಯದಲ್ಲೊಂದು ಕಾರಣ ಇದ್ದೇ ಇದೆಯೆಂದು ಅವನು ಹುಡುಕುತ್ತಾ ಕೂರುತ್ತಾನೆ. ಹಗರಿಬೊಮ್ಮನಹಳ್ಳಿಯ ಬಿ.ಎಡ್. ಕಾಲೇಜೊಂದರಲ್ಲಿ ನಾನು ಮಾಡುವುದು ಅದೇ ಪಾಠ. ನಮ್ಮೊಳಗೆ ‘ಈಗಲೇ ಬೇಕು’ ಎಂದು ಹಟ ಹಿಡಿಯುವ ಇದಂ, ‘ಛೇ, ಜನ ಏನಂದಾರು’ ಎಂದು ಗದರುವ ಪರಾಹಂ, ಇವರ ಜಗಳ ಬಿಡಿಸಲು ಹೋಗಿ ಎರಡೂ ಕಡೆ ಬೈಸಿಕೊಳ್ಳುವ ಅಹಂ, ಹೀಗೆ ಮೂವರು ಸಂಸಾರ ಹೂಡಿದ್ದಾರೆ ಎನ್ನುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಎದುರಿನ ಅಂಗಡಿಯಿಂದ ಮಿರ್ಚಿ ಕರಿಯುವ ವಾಸನೆ ಬಂದಾಗ ಮೂವರೂ ತಕರಾರಿಲ್ಲದೆ ಒಪ್ಪಿಬಿಡುವ ಸಂಗತಿ ಮಾತ್ರ ಪುಸ್ತಕದಲ್ಲಿಲ್ಲ.

ನನ್ನ ದುರಭ್ಯಾಸವೆಂದರೆ ಈ ಪಾಠವನ್ನು ಕಾಲೇಜಿನಲ್ಲಿ ಬಿಟ್ಟು ಬರದೆ, ಬಸ್ಸಿನಲ್ಲಿ ಜೊತೆಗೇ ಕೂರಿಸಿಕೊಂಡು ಕೊಟ್ಟೂರಿನ ಮನೆಗೂ ಕರೆತರುವುದು. ಒಂದು ಸಂಜೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ನೀಲಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಸ್ವಲ್ಪ ಜೋರಾಗಿತ್ತು. ದಿನವೂ ಹಾಗೇ ಇರುತ್ತದೆ, ಆದರೆ ಅವತ್ತು ತಾನೇ ನಾನು ಮನಸ್ಸು ನೋವಿನಿಂದ ತಪ್ಪಿಸಿಕೊಳ್ಳಲು ಹೂಡುವ ‘ರಕ್ಷಣಾ ತಂತ್ರಗಳ’ ಪಾಠ ಮುಗಿಸಿದ್ದೆ. ಒಬ್ಬರ ಮೇಲಿನ ಸಿಟ್ಟನ್ನು ಇನ್ನೊಬ್ಬರ ಮೇಲೆ ತೀರಿಸಿಕೊಳ್ಳುವುದಕ್ಕೆ ಸ್ಥಾನಪಲ್ಲಟ ಎನ್ನುತ್ತಾರೆ. ಬಾಗಿಲಲ್ಲಿ ನಿಂತು ಅದನ್ನು ಉದಾಹರಣೆ ಸಮೇತ ವಿವರಿಸಿ, ನಿನಗೆ ಸಿಟ್ಟಿರುವುದು ನನ್ನ ಮೇಲೆ, ಏಟು ತಿನ್ನುತ್ತಿರುವುದು ಮಾತ್ರ ಪಾಪದ ರೊಟ್ಟಿ ಎಂದೆ.

ನೀಲಾ ಕೈ ತೊಳೆದುಕೊಂಡಳು. “ಹೌದೇನ್ರಿ? ಹಂಗಾದ್ರ ಇವತ್ತಿಂದ ಸಿಟ್ಟೂ ಇಲ್ಲ, ರೊಟ್ಟೀನೂ ಇಲ್ಲ.”

ಅವತ್ತಿನಿಂದಲೇ ಅನ್ನ. ಬೆಳಿಗ್ಗೆ ಅನ್ನ, ರಾತ್ರಿ ಅನ್ನ. ನಮ್ಮ ಕಡೆ ಎಷ್ಟು ಅನ್ನ ಉಂಡರೂ ಉಂಡ ಲೆಕ್ಕವಲ್ಲ. ಅನ್ನ ಹಗುರ, ಹೊಟ್ಟೆಗೆ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ; ಇದು ಸಮರ್ಥನೆ ಎಂಬ ತಂತ್ರ. ತರಗತಿಯಲ್ಲಿ ವಿನಾಕಾರಣ ರೇಗಿದೆ; ಸ್ಥಾನಪಲ್ಲಟ, ಈ ಸಲ ಅಸಲಿ. ಅಂಗಡಿಯಿಂದ ಪ್ಯಾಕೆಟ್ಟಿನ ಕಡಕ್ ರೊಟ್ಟಿ ತಂದು ಮುರಿದರೆ ಗಂಟಲಲ್ಲಿ ಇಳಿಯಲಿಲ್ಲ. ನಿಜ ಹೇಳುತ್ತೇನೆ, ನನಗೆ ಅಳು ಬರುವುದೊಂದು ಬಾಕಿ. ಕಡೆಗೆ ಉಳಿದದ್ದು ಪ್ರತಿಗಮನ, ಅಂದರೆ ಕಷ್ಟ ಬಂದಾಗ ದೊಡ್ಡವರು ಚಿಕ್ಕ ಮಕ್ಕಳಾಗುವುದು. ನಾನು ಅವ್ವನಿಗೆ ಫೋನ್ ಮಾಡಿದೆ.

ಅಣ್ಣನ ಜೊತೆ ಹಂಪಸಾಗರದಲ್ಲಿರುವ ಅವ್ವ ಮರುದಿನವೇ ಬಸ್ಸಿಗೆ ಬಂದಳು. ನನ್ನ ದೂರನ್ನೂ ನೀಲಾಳ ದೂರನ್ನೂ ಕೇಳಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಜೋರಾಗಿ ಬಡಿಯವ್ವ ಅಂತ ಆಕಿಗೆ ಹೇಳಿಕೊಟ್ಟಾಕಿ ನಾನ ಲೇ. ಸಣ್ಣಾಂವಿದ್ದಾಗ ಎಷ್ಟು ಕೂಗಿದ್ರೂ ನೀ ಉಣ್ಣಾಕ ಬರ್ತಿದ್ದಿಲ್ಲ. ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರ ಸಾಕು, ಎಲ್ಲಿದ್ರೂ ಓಡಿ ಬರ್ತಿದ್ದಿ.”

ಮದುವೆಯಾದಾಗಿನಿಂದ ನೀಲಾ ನನ್ನನ್ನು ಊಟಕ್ಕೆ ಕರೆದದ್ದು ನೆನಪಾಗಲಿಲ್ಲ. ಪುಸ್ತಕ ಮಡಚಿ ನಾನೇ ಎದ್ದು ಹೋಗುತ್ತಿದ್ದೆ. ದೊಡ್ಡವರ ನಡತೆಯ ಬೇರು ಬಾಲ್ಯದಲ್ಲಿರುತ್ತದೆ, ಅದು ಅವರಿಗೇ ತಿಳಿದಿರುವುದಿಲ್ಲ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು. ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ನೀಲಾಳನ್ನು ಕೇಳಿದೆ.

“ನೀವು ಎಲ್ಲಿ ಕೇಳಿದ್ರಿ? ಬರೇ ನೀವ ಹೇಳಿದ್ರಿ.”

ಮರುದಿನ ಸಂಜೆ ಓದುತ್ತಾ ಕೂತಿದ್ದಾಗ ಅಡುಗೆಮನೆಯಿಂದ ಸಪ್ಪಳ ಕೇಳಿತು. ಓದಿದವನಿಗೆ ಬಾಲ್ಯದ ಹಿಡಿತದಿಂದ ಬಿಡಿಸಿಕೊಳ್ಳಲು ಬರುತ್ತದೆ ಎಂದು ತೋರಿಸಲು ಗಟ್ಟಿಯಾಗಿ ಕುರ್ಚಿ ಹಿಡಿದು ಕೂತೆ. ಹೇಗೆ ಎದ್ದೆನೋ ಗೊತ್ತಿಲ್ಲ, ನೋಡಿದರೆ ತಟ್ಟೆ ಹಿಡಿದು ಒಲೆಯ ಮುಂದಿದ್ದೆ. ಒಲೆ ಹಚ್ಚಿರಲಿಲ್ಲ. ಹಿಟ್ಟೂ ಇರಲಿಲ್ಲ. ಅತ್ತೆ ಸೊಸೆ ಇಬ್ಬರೂ ಸೇರಿ ಬರೀ ಮಣೆ ಬಡಿಯುತ್ತಿದ್ದರು.

ಹೊಟ್ಟೆ ಹಿಡಿದುಕೊಂಡು ನಕ್ಕು ಸುಸ್ತಾದ ಮೇಲೆ ನೀಲಾ ಹಿಟ್ಟಿನ ಡಬ್ಬಿ ತೆಗೆದಳು. ಉಬ್ಬಿದ ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ನಾನು ಎರಡು ಉಂಡು ಮೂರನೆಯದಕ್ಕೆ ತಟ್ಟೆ ಚಾಚಿದೆ.

ನಮ್ಮ ಪುಸ್ತಕದಲ್ಲಿ ಮುಂದಿನ ಅಧ್ಯಾಯವೊಂದಿದೆ. ಗಂಟೆಯ ಸದ್ದು ಕೇಳಿದೊಡನೆ ನಾಯಿಯೊಂದು ಜೊಲ್ಲು ಸುರಿಸುವ ಪ್ರಯೋಗ ಅದರಲ್ಲಿ ಬರುತ್ತದೆ. ಆ ಪಾಠವನ್ನು ಈ ವರ್ಷ ನಮ್ಮ ಗಣಿತದ ಮೇಷ್ಟ್ರಿಗೆ ಬಿಟ್ಟುಕೊಟ್ಟಿದ್ದೇನೆ.